ಕವಾಟ ಮುಚ್ಚುವ ಗಳಿಗೆ

ಕೈಮಗ್ಗದಲ್ಲಿ ನೇಕಾರನ ಪಾದ ಮಾಡುವ ಕೆಲಸವನ್ನು ವಿದ್ಯುತ್ ಮಗ್ಗದಲ್ಲಿ ಕೆಳದಂಡದ ಮೇಲೆ ಕೂರಿಸಿದ ಟ್ಯಾಪೆಟ್ಟುಗಳು ಮಾಡುತ್ತವೆ: ಹಾಸಿನ ಎಳೆಗಳಲ್ಲಿ ಒಂದು ಪಾಲನ್ನು ಮೇಲೆತ್ತಿ, ಮತ್ತೊಂದನ್ನು ಕೆಳಗಿಳಿಸಿ, ಲಾಳಿಯು ಈ ಬದಿಯಿಂದ ಆ ಬದಿಗೆ ದಾಟುವಷ್ಟು ಹೊತ್ತು ನಡುವಣ ಬಾಯನ್ನು ತೆರೆದು ಹಿಡಿದು, ಅದು ದಾಟಿದೊಡನೆ ಮುಚ್ಚುತ್ತವೆ. ಸಾದಾ ನೇಯ್ಗೆಯ ಮಗ್ಗದಲ್ಲಿ ಮೇಲಣ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಈ ಕೆಳದಂಡ ಒಂದೇ ಸುತ್ತು ತಿರುಗುವುದು. ನಾಲ್ಕು ಸ್ಟ್ರೋಕಿನ ಮೋಟಾರು ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ, ತನ್ನ ಉಬ್ಬುಗಳಿಂದ (ಕ್ಯಾಮುಗಳಿಂದ) ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿಗೂ ಇರುವ ಅನುಪಾತವೂ ಇದೇ. ಆದುದರಿಂದ ಸುಂಗುಡಿ ಸೀರೆಗೆ ಹೆಸರಾದ ಚಿನ್ನಾಳಪಟ್ಟಿಯಲ್ಲಿ, ತಮಿಳುನಾಡಿನ ನಡುವೆ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನಾಡುತ್ತ ಬಂದಿರುವ ದೇವಾಂಗ ನೇಕಾರರ ಮುಂದೆ, ಕ್ಯಾಮ್‌ಶಾಫ್ಟಿನ ಆಯ್ಕೆಯ ವಿಷಯವನ್ನೆತ್ತಿಕೊಳ್ಳುವವನಿಗೆ ಪೀಠಿಕೆಯ ಶ್ರಮ ಅರ್ಧದಷ್ಟು ಉಳಿದಂತೆಯೇ ಸರಿ.

ವಿಷಯವನ್ನೆತ್ತಿಕೊಳ್ಳಲು ಈ ಸೀಮೆಯಲ್ಲಿ ಕಾರಣವೂ ಉಂಟು. ನಿಲಕ್ಕೋಟೆಯ ಮಲ್ಲಿಗೆ ಬೆಳಗಾಗುವುದರೊಳಗೆ ಮಧುರೆಯ ಪೇಟೆಗೆ ಹೋಗಬೇಕು. ಸಿರುಮಲೆಯ ಬಾಳೆಗೊನೆ ತಿರುವುಗಳನ್ನಿಳಿದು ದಿಂಡುಗಲ್ಲಿಗೆ ಬರಬೇಕು. ಒಟ್ಟನ್‌ಛತ್ರದ ತರಕಾರಿ ಕೇರಳವನ್ನು ಸೇರಬೇಕು. ಬೋಡಿನಾಯಕನೂರು, ಕಂಬಂಗಳಿಂದ ಏಲಕ್ಕಿತೋಟದ ಕೂಲಿಯಾಳುಗಳನ್ನು ಹೊತ್ತ ಜೀಪುಗಳು ದಿನವೂ ಇಡುಕ್ಕಿಯ ಬೆಟ್ಟವನ್ನೇರಿ ಸಂಜೆಗೆ ಮರಳಬೇಕು. ಬೋಡಿಮೆಟ್ಟಿನ ಹದಿನೇಳು ಕಡಿದಾದ ತಿರುವುಗಳನ್ನು ತುಂಬಿದ ಗಾಡಿಯೊಡನೆ ಹತ್ತಿದವರಿಗೆಲ್ಲ ಎಂಜಿನ್ನಿನಿಂದ ಇನ್ನಷ್ಟು ಕಸುವು ದೊರೆಯಬಾರದೇ ಎಂದೆನಿಸುವುದು ಸಹಜ. ಪಂದ್ಯದ ಕಾರುಗಳ ಕ್ಯಾಮ್‌ಶಾಫ್ಟನ್ನು ತಮ್ಮ ಗಾಡಿಗೂ ಹಾಕಿಸಬಹುದೆಂಬ ಆಸೆ ತರುಣರಲ್ಲಿ ಮೊಳೆಯುವುದೂ ಅಷ್ಟೇ ಸಹಜ. ಆದರೆ ಈ ವಿದ್ಯೆ ಬೆಳೆದುಬಂದ ದಾರಿಯನ್ನು ಹಿಂಬಾಲಿಸಿದರೆ, ಆಯ್ಕೆಯ ಪ್ರಶ್ನೆಯೆಲ್ಲ ಕಟ್ಟಕಡೆಗೆ ಒಂದೇ ಬಿಂದುವಿಗೆ, ಎಂದರೆ ಒಳಹರಿವಿನ ಕವಾಟವು ಮುಚ್ಚಿಕೊಳ್ಳುವ ಗಳಿಗೆಗೆ, ಬಂದು ನಿಲ್ಲುತ್ತದೆಂದು ತೋರುತ್ತದೆ.

ಆ ಗಳಿಗೆಯ ಮಹತ್ತ್ವವೇನೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಪಿಸ್ಟನ್ನು ತಳವನ್ನು ಮುಟ್ಟಿ ಮೇಲಕ್ಕೇರತೊಡಗಿದ ಮೇಲೂ ಒಳಹರಿವಿನ ಕವಾಟವು ಕೆಲಕಾಲ ತೆರೆದೇ ಇರುತ್ತದೆ. ಸಾಧಾರಣ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ 40ರಿಂದ 60 ಡಿಗ್ರಿ, ಪಂದ್ಯದ ಎಂಜಿನ್ನುಗಳಲ್ಲಿ 80ರವರೆಗೂ. ವೇಗವಾಗಿ ತಿರುಗುವ ಎಂಜಿನ್ನಿನಲ್ಲಿ ನಾಳದೊಳಗಿನ ಗಾಳಿಯು ತನಗೆ ಬಂದಿರುವ ಆವೇಗದಿಂದ, ಪಿಸ್ಟನ್ನು ಎದುರೇರಿ ಬರುತ್ತಿದ್ದರೂ, ತನ್ನಷ್ಟಕ್ಕೇ ಒಳನುಗ್ಗುತ್ತಿರುವುದರಿಂದ ತಡವಾಗಿ ಮುಚ್ಚಿದಷ್ಟೂ ಲಾಭ. ನಿಧಾನವಾಗಿ ತಿರುಗುವಾಗಲಾದರೋ ಗಾಳಿಗೆ ಆ ಆವೇಗವಿಲ್ಲ. ಒಳಗೆ ಬಂದದ್ದರಲ್ಲಿ ಒಂದು ಪಾಲನ್ನು ಪಿಸ್ಟನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ದೂಡಿಬಿಡುತ್ತದೆ. ಉಳಿದದ್ದು ಕಡಮೆ, ಅದರ ಒತ್ತಡವೂ ಕಡಮೆ, ಚಕ್ರಕ್ಕೆ ತಲುಪುವ ಟಾರ್ಕೂ ಕಡಮೆ. ಹೊರೆಹೊತ್ತು ಘಟ್ಟವನ್ನೇರುವ ಗಾಡಿ ಎರಡನೆಯ ಗೇರಿನಲ್ಲಿ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿಯೇ ತನ್ನ ಆಯುಷ್ಯವನ್ನು ಕಳೆಯತಕ್ಕದ್ದು. 6000 ಸುತ್ತಿಗೆ ಹೇಳಿಮಾಡಿಸಿದ ಕ್ಯಾಮು ಅದಕ್ಕೆ ಮಾಡುವ ಉಪಕಾರ ಯಾವುದೆಂಬುದನ್ನು ಇದರಿಂದಲೇ ಊಹಿಸಬಹುದು.

ಉಬ್ಬುಳ್ಳ ದಂಡವನ್ನು ತಿರುಗಿಸಿ ಬೇರೊಂದನ್ನು ಎತ್ತಿ ಇಳಿಸುವ ಉಪಾಯ ಬಹು ಪ್ರಾಚೀನವಾದುದು. ಅಲ್ ಜಜರಿಯು 1206ರಲ್ಲಿ ಮುಗಿಸಿದ ಯಂತ್ರಗ್ರಂಥದಲ್ಲಿಯೇ ಅದು ಕಾಣಸಿಗುತ್ತದೆ. ಮೋಟಾರಿನ ಮೊದಲ ದಿನಗಳಲ್ಲಿ ಮಾತ್ರ ಒಳಹರಿವಿನ ಕವಾಟಕ್ಕೆ ಕ್ಯಾಮೇ ಇರಲಿಲ್ಲ. ಪಿಸ್ಟನ್ನು ಕೆಳಗಿಳಿದಾಗ ಉಂಟಾಗುವ ಸೆಳೆತಕ್ಕೆ ಅದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ವಿಲ್‌ಹೆಲ್ಮ್ ಮೇಬಾಕ್ ರೂಪಿಸಿದ 1901ರ ಮರ್ಸಿಡಿಸ್ ಕಾರಿನಲ್ಲಿ ಎರಡೂ ಬಗೆಯ ಕವಾಟಗಳು ಕ್ಯಾಮಿನ ಆಜ್ಞೆಗೊಳಪಟ್ಟುವು. 1912ರ ಗ್ರಾಂಪ್ರಿ ಪಂದ್ಯಕ್ಕೆಂದು ಪೂಜೊ ಸಂಸ್ಥೆಯವರು ತಂದ ಎಂಜಿನ್ನಿನಲ್ಲಿ, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟು, ಸಿಲಿಂಡರಿಗೆ ನಾಲ್ಕು ಕವಾಟ ಎಂಬ ವಿನ್ಯಾಸ ಸಿದ್ಧವಾಗಿಬಿಟ್ಟಿತು. ಇಂದು ಬಡವನ ಕಾರಿನಲ್ಲಿಯೂ ಇರುವುದು ಸ್ಥೂಲವಾಗಿ ಅದೇ.

ನಮ್ಮ ಪ್ರಕೃತ ವಿಷಯಕ್ಕೆ ಇವೆಲ್ಲಕ್ಕಿಂತ ಬೋಧಪ್ರದವಾದದ್ದು ಜೀಪಿನ ಎಂಜಿನ್ನಿನ ಕಥೆ. ಬಾರ್ನಿ ರೂಸ್ ಎಂಬ ಎಂಜಿನಿಯರನು ವಿಲ್ಲಿಸ್ ಸಂಸ್ಥೆಯ 48 ಅಶ್ವಶಕ್ತಿಯ ಬಡ ಎಂಜಿನ್ನೊಂದನ್ನು ತಿದ್ದಿ ತೀಡಿ 60ಕ್ಕೆ ಏರಿಸಿದನು; ಎರಡನೆಯ ಮಹಾಯುದ್ಧದ ಜೀಪು ಓಡಿದ್ದು ಅದರಿಂದಲೇ. ಯುದ್ಧಾನಂತರ ಬಂದ ಹರಿಕೇನ್ ಎಂಜಿನ್ನಿನಲ್ಲಿ ಹೊಗೆಯ ಕವಾಟವನ್ನು ಹಳೆಯ ಜಾಗದಲ್ಲಿ ಬ್ಲಾಕಿನೊಳಗೇ ಉಳಿಸಿ, ಒಳಹರಿವಿನ ಕವಾಟವನ್ನಷ್ಟೇ ಮೇಲಕ್ಕೆ ತಲೆಯೊಳಗೆ ಕೊಂಡೊಯ್ದು ಅದರ ಗಾತ್ರವನ್ನು ಹಿಗ್ಗಿಸಿದರು. ಎಂಜಿನ್ನು ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಸಿಜೆ-3ಬಿ ಎಂಬ, ಮಹೀಂದ್ರಾ ಸಂಸ್ಥೆಯವರು ದಶಕಗಳ ಕಾಲ ಭಾರತದಲ್ಲಿ ತಯಾರಿಸಿದ ಆ ಎತ್ತರಮೂತಿಯ ಜೀಪಿನ ಮುಖಲಕ್ಷಣಕ್ಕೆ ಕಾರಣ ಕವಾಟದ ಈ ಸ್ಥಾನಾಂತರವೇ. ಅಶ್ವಶಕ್ತಿ 60ರಿಂದ 72ಕ್ಕೇರಿತು. ಟಾರ್ಕು ಸುಮಾರು 142 ನ್ಯೂಟನ್‌ಮೀಟರಿನಿಂದ 155ಕ್ಕೇರಿತು. ಆದರೆ ಆ ಟಾರ್ಕಿನ ಶಿಖರ ಮಾತ್ರ ಹಿಂದೆ ಇದ್ದಂತೆಯೇ 2000 ಸುತ್ತಿನಲ್ಲಿಯೇ ಉಳಿಯಿತು. ಕವಾಟವನ್ನು ಹೆಚ್ಚು ಹೊತ್ತು ತೆರೆದಿಟ್ಟು ಬಲವನ್ನು ಎತ್ತರದ ವೇಗಕ್ಕೆ ಸಾಗಿಸುವುದರ ಬದಲು, ಇರುವ ಹೊತ್ತಿನಲ್ಲಿಯೇ ಹೆಚ್ಚು ಗಾಳಿ ಸಾಗುವಂತೆ ಬಾಗಿಲನ್ನು ಅಗಲಿಸಿದ ಈ ಕ್ರಮವೇ ಹೊರೆಗಾಡಿಗೆ ತಕ್ಕುದೆಂದು ನಮ್ಮ ಅಭಿಪ್ರಾಯ.

ಇದಕ್ಕೆ ತೀರ ಭಿನ್ನವಾದ ಪರಂಪರೆ ಕ್ಯಾಲಿಫೋರ್ನಿಯದಲ್ಲಿ ಬೆಳೆಯಿತು. 1920ರ ದಶಕದಲ್ಲಿ ಎಡ್ ವಿನ್‌ಫೀಲ್ಡ್ ಫೋರ್ಡ್ ಕಾರುಗಳಿಗೆ ಬೇರೆ ಆಕಾರದ ಕ್ಯಾಮುಗಳನ್ನು ಸಾಣೆಹಿಡಿದು ಕೊಡುತ್ತಿದ್ದನು. ಯುದ್ಧಾನಂತರ ಎಡ್ ಇಸ್ಕೆಂಡೇರಿಯನ್ ಮೊದಲಾದವರು ಅದನ್ನೊಂದು ಉದ್ಯಮವನ್ನಾಗಿಯೇ ಮಾಡಿದರು. ಮುಕ್ಕಾಲು ರೇಸ್, ಪೂರ್ಣ ರೇಸ್ ಎಂದು ಕ್ಯಾಮುಗಳನ್ನು ಸೇರಿನ ಲೆಕ್ಕದಲ್ಲಿ ಮಾರುತ್ತಿದ್ದ ಆ ಕಾಲದಲ್ಲಿ ಅನುಭವವೇ ಗುರು. ಶಾಸ್ತ್ರ ಹಿಂದಿನಿಂದ ಬಂದಿತು: 1948ರಲ್ಲಿ ಡಡ್ಲಿ ಎಂಬವನೂ, ಮುಂದೆ 1953ರಲ್ಲಿ ಸ್ಟಾಡರ್ಟ್ ಎಂಬವನೂ, ಕವಾಟ, ಸ್ಪ್ರಿಂಗು, ತಳ್ಳುಕಡ್ಡಿಗಳು ವೇಗದಲ್ಲಿ ಬಾಗಿ ಕುಲುಕುವುದನ್ನೂ ಗಣಿತದೊಳಕ್ಕೆ ತಂದು, ಉಬ್ಬಿನ ಮೈಯನ್ನು ಬಹುಪದ ಸಮೀಕರಣಗಳಿಂದ ರೂಪಿಸುವ ಮಾರ್ಗವನ್ನು ತೋರಿಸಿದರು. ಅಲ್ಲಿಂದೀಚೆಗೆ ಕ್ಯಾಮಿನ ಆಕಾರ ಸಾಣೆಗಾರನ ಕಣ್ಣಳತೆಗೆ ಬಿಟ್ಟ ಸಂಗತಿಯಾಗಿ ಉಳಿಯಲಿಲ್ಲ. ಷೆವ್ರೊಲೆ ಸಂಸ್ಥೆಯು 1950ರ ದಶಕದಲ್ಲಿ ತನ್ನ ಎಂಜಿನಿಯರನಾದ ಜೋರಾ ಆರ್ಕಸ್-ಡುಂಟಾವನ ಹೆಸರಿನ ಕ್ಯಾಮನ್ನು ತಾನೇ ತನ್ನ ಎಂಜಿನ್ನಿಗೆ ಕೂಡಿಸಿದಾಗ ಬೀದಿಯ ವಿದ್ಯೆಗೆ ಕಾರ್ಖಾನೆಯ ಮನ್ನಣೆಯೂ ದೊರೆತಂತಾಯಿತು.

ಕವಾಟಗಳೆರಡೂ ಏಕಕಾಲದಲ್ಲಿ ತೆರೆದಿರುವ ಓವರ್‌ಲ್ಯಾಪ್ ಅವಧಿಯನ್ನು ಗ್ರಾಹಕನೇ ಲೆಕ್ಕಹಾಕಿಕೊಳ್ಳಬಲ್ಲಷ್ಟು ಈ ವಿದ್ಯೆ ಈಗ ಸರಳವಾಗಿದೆ. ಎರಡು ಕವಾಟಗಳ ತೆರವಿನ ಅವಧಿಯೂ ಕ್ರ್ಯಾಂಕಿನ 270 ಡಿಗ್ರಿ, ಎರಡು ಉಬ್ಬುಗಳ ಶಿಖರಗಳಿಗೆ ನಡುವಣ ಅಂತರ ಕ್ಯಾಮಿನ 110 ಡಿಗ್ರಿ ಎಂದಿಟ್ಟುಕೊಂಡರೆ, ಓವರ್‌ಲ್ಯಾಪ್ ಕ್ರ್ಯಾಂಕಿನ 50 ಡಿಗ್ರಿ. ಅಂತರವನ್ನು 114ಕ್ಕೆ ಅಗಲಿಸಿದರೆ ಅದು 42ಕ್ಕೆ ಇಳಿಯುವುದು. ಓವರ್‌ಲ್ಯಾಪ್ ಹೆಚ್ಚಾದಷ್ಟೂ ಐಡ್ಲಿಂಗಿನಲ್ಲಿ ಎಂಜಿನ್ನು ಕುಂಟುತ್ತದೆ, ಬ್ರೇಕಿಗೆ ನೆರವಾಗುವ ನಿರ್ವಾತ ಕುಗ್ಗುತ್ತದೆ, ಸುಡದ ಪೆಟ್ರೋಲು ಹೊಗೆಯೊಡನೆ ಹೊರಬೀಳುತ್ತದೆ. ಆ ಕುಂಟುಸದ್ದಿಗಾಗಿಯೇ ಹಣ ತೆರುವವರಿದ್ದಾರೆ. ಘಟ್ಟವಿಳಿಯುವಾಗ ಬ್ರೇಕನ್ನೊತ್ತಬೇಕಾದವನಿಗೆ ಅದು ಸಲ್ಲದ ಶೋಕಿ. ಇನ್ನು ಕ್ಯಾಮ್‌ಶಾಫ್ಟನ್ನೇ 4 ಡಿಗ್ರಿ ಮುಂಚಿತವಾಗಿ ಕೂರಿಸಿದರೆ ಒಳಹರಿವಿನ ಕವಾಟವೂ 4 ಡಿಗ್ರಿ ಮೊದಲೇ ಮುಚ್ಚಿಕೊಂಡು ಕೆಳವೇಗದ ಟಾರ್ಕು ಕೊಂಚ ಮರಳುತ್ತದೆ. ಜನರಲ್ ಮೋಟಾರ್ಸಿನ ಪಿಕಪ್ಪುಗಳಲ್ಲಿದ್ದ 5.3 ಲೀಟರಿನ ಎಂಜಿನ್ನಿಗೆ ಕಾರ್ಖಾನೆಯವರು ಇಟ್ಟ ಅವಧಿ, 0.050 ಅಂಗುಲ ಎತ್ತರದಲ್ಲಿ ಅಳೆದಾಗ, 190 ಡಿಗ್ರಿಯಷ್ಟೆ; ದಿನಬಳಕೆಯ ಪಿಕಪ್ಪಿಗೆ ಅಲ್ಲಿನ ಬಲ್ಲವರು ಸೂಚಿಸುವುದು 210ರ ಆಸುಪಾಸು, ಅದರಿಂದಾಚೆಗಲ್ಲ. ಅಷ್ಟು ದೊಡ್ಡ ಎಂಜಿನ್ನಿನವರೇ ಇಷ್ಟು ಮಿತವಾಗಿ ನಡೆದುಕೊಳ್ಳುವಾಗ ನಾವು ಹಾರಾಡುವುದೇಕೆ?

ನಮ್ಮ ನಾಡಿನಲ್ಲಿ ಈ ವಿದ್ಯೆ ಮದರಾಸಿನ ಬಳಿಯ ಷೋಲಾವರದ ಹಳೆಯ ವಿಮಾನದಾರಿಯ ಪಂದ್ಯಗಳಲ್ಲಿ ಪಳಗಿತು. ಕೊಯಮತ್ತೂರಿನ ಕರಿವರ್ಧನರು ಮಾರುತಿ 800ರ ಪುಟ್ಟ ಎಂಜಿನ್ನನ್ನಿಟ್ಟು ಒಂಟಿಯಾಸನದ ಪಂದ್ಯದ ಕಾರುಗಳನ್ನು ಕಟ್ಟಿದುದರಿಂದ ಅದು ಸಾಧಾರಣ ತರುಣರ ಕೈಗೂ ಎಟುಕಿತು. 1985ರಲ್ಲಿ 970 ಸಿಸಿಯ ಎಂಜಿನ್ನಿನೊಡನೆ ಬಂದು ಮುಂದೆ 1298 ಸಿಸಿಗೆ ಬೆಳೆದ ಮಾರುತಿ ಜಿಪ್ಸಿಯೇ ಇಲ್ಲಿನ ಬೆಟ್ಟದ ದಾರಿಗೂ ರ‍್ಯಾಲಿಗೂ ಸಮಾನವಾಗಿ ಸಲ್ಲುವ ಪೆಟ್ರೋಲು ಗಾಡಿಯಾಗಿದ್ದಿತಾಗಿ, ಕ್ಯಾಮ್ ಬದಲಾವಣೆಯ ಪ್ರಯೋಗಗಳಿಗೆ ಒಡ್ಡಿಕೊಂಡದ್ದೂ ಅದೇ. ಹೊಸ ಕ್ಯಾಮ್ ತರಿಸಲಾರದವರು ಹಳೆಯದನ್ನೇ ಸಾಣೆಗೆ ಕೊಡುವುದುಂಟು. ಉಬ್ಬಿಗೆ ಹೊಸದಾಗಿ ಲೋಹ ಸೇರುವುದಿಲ್ಲವಾದುದರಿಂದ ಸಾಣೆಗಾರನು ಅದರ ಬುಡದ ವೃತ್ತವನ್ನು ಸವೆಸಿ ಎತ್ತರವನ್ನು ಸಾಧಿಸುತ್ತಾನೆ. ಅದರಿಂದ, ಉಬ್ಬಿನ ಚಲನೆಯನ್ನು ಕವಾಟಕ್ಕೆ ಮುಟ್ಟಿಸುವ ರಾಕರಿನ ಕೋನ ಕೆಡುವುದು ಒಂದು ಬಾಧೆಯಾದರೆ, ಮೇಲ್ಮೈಯ ಗಟ್ಟಿ ಪದರು ತೇದುಹೋಗಿ ಮೆತ್ತನೆಯ ಲೋಹ ಹೊರಬರುವುದು ಇನ್ನೂ ದೊಡ್ಡ ಬಾಧೆ.

ಆ ಗಟ್ಟಿ ಪದರು ಬರುವ ಬಗೆಯನ್ನು ನೋಡಬೇಕಾದರೆ ಸೊಲ್ಲಾಪುರಕ್ಕೆ ಹೋಗಬೇಕು. ಅಕ್ಕಲಕೋಟೆಯ ಕಡೆಯ ಹಳ್ಳಿಗಳಿಂದ ಕನ್ನಡ ಹರಿದುಬರುವ, ಮಗ್ಗಕ್ಕೂ ಚಾದರಕ್ಕೂ ಹೆಸರಾದ ಆ ಗಡಿಯೂರಿನಲ್ಲಿ 1992ರಲ್ಲಿ ಆರಂಭವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಸಂಸ್ಥೆ ಇಂದು ಜಗತ್ತಿನ ಹಲವು ಕಾರು ತಯಾರಕರಿಗೆ ಈ ದಂಡವನ್ನು ಒದಗಿಸುತ್ತಿದೆ. ಎರಕದಚ್ಚಿನಲ್ಲಿ ಉಬ್ಬುಗಳು ಬರುವೆಡೆಯಲ್ಲಿ ಮಾತ್ರ ಲೋಹದ ತುಂಡುಗಳನ್ನಿಟ್ಟು ಕರಗಿದ ಕಬ್ಬಿಣವನ್ನು ಹೊಯ್ದರೆ, ಆ ಭಾಗವಷ್ಟೇ ತಟ್ಟನೆ ತಣಿದು ಗಾಜಿನಂತೆ ಕಠಿಣವಾಗುತ್ತದೆ, ದಂಡದ ಉಳಿದ ಮೈ ನಿಧಾನವಾಗಿ ತಣಿದು ಅಷ್ಟು ಕಠಿಣವಾಗದೆ ಉಳಿಯುತ್ತದೆ. ಮಗ್ಗದ ಊರೊಂದು ಹೀಗೆ ಕ್ಯಾಮಿನ ಊರೂ ಆದದ್ದು ನಮಗಂತೂ ಆಶ್ಚರ್ಯವೆನಿಸದು.

ಒಂದೇ ಆಕಾರಕ್ಕೆ ಕಟ್ಟುಬಿದ್ದು ಕೆಳವೇಗವನ್ನೋ ಮೇಲ್ವೇಗವನ್ನೋ ಬಲಿಕೊಡಬೇಕಾದ ಸಂಕಟವನ್ನೇ ನಿವಾರಿಸಹೊರಟವರೂ ಇದ್ದಾರೆ. ಆಲ್ಫಾ ರೊಮಿಯೊ 1980ರಲ್ಲಿ, ಎಂಜಿನ್ನು ಓಡುತ್ತಿರುವಾಗಲೇ ಕ್ಯಾಮ್‌ಶಾಫ್ಟಿನ ಕೋನವನ್ನು ಸರಿಸುವ ಏರ್ಪಾಡನ್ನು ತಂದಿತು. ಹೋಂಡಾ 1989ರಲ್ಲಿ ಮಂದವೇಗಕ್ಕೊಂದು ತೀವ್ರವೇಗಕ್ಕೊಂದು ಉಬ್ಬನ್ನು ಒಂದೇ ದಂಡದ ಮೇಲಿಟ್ಟು 1.6 ಲೀಟರಿನಿಂದ 160 ಅಶ್ವಶಕ್ತಿಯನ್ನು ತೆಗೆಯಿತು. ಇನ್ನೊಂದೆಡೆ 1997ರ ಟೊಯೊಟಾ ಪ್ರಿಯಸ್ ಕಾರು, ಅಟ್ಕಿನ್‌ಸನ್ನನ ಹಳೆಯ ತತ್ತ್ವವನ್ನನುಸರಿಸಿ, ಒಳಹರಿವಿನ ಕವಾಟವನ್ನು ಬೇಕೆಂದೇ ತಡವಾಗಿ ಮುಚ್ಚಿ ಇಂಧನವನ್ನುಳಿಸಿತು. ತಗ್ಗಿದ ಟಾರ್ಕನ್ನು ವಿದ್ಯುತ್ ಮೋಟಾರು ತುಂಬಿಕೊಟ್ಟಿತು. ಇಂಥ ಎಂಜಿನ್ನುಗಳಲ್ಲಿ ಕವಾಟದ ಗಳಿಗೆಯನ್ನು ಗಣಕವೇ ಗೊತ್ತುಮಾಡುವುದರಿಂದ, ಅಂಗಡಿಯಿಂದ ತಂದ ಕ್ಯಾಮನ್ನು ತೂರಿಸಿದರೆ ಆ ಗಣಕದ ಲೆಕ್ಕವನ್ನೂ ಹೊಸದಾಗಿ ಬರೆಯಬೇಕಾಗುವುದು.

ಇಷ್ಟಾಗಿಯೂ ಕಂಬಂ ಕಣಿವೆಯ ಗಾಡಿಗಳಲ್ಲಿ ಬಹುಪಾಲು ಡೀಸೆಲಿನವು. ಬೊಲೆರೊ ಪಿಕಪ್ಪಿನ 2523 ಸಿಸಿಯ ಎಂಜಿನ್ನು ಟರ್ಬೊ ಸಹಾಯದಿಂದ 200 ನ್ಯೂಟನ್‌ಮೀಟರಿನಷ್ಟು ಟಾರ್ಕನ್ನು 2000 ಸುತ್ತಿನ ಆಸುಪಾಸಿನಲ್ಲಿಯೇ ಕೊಡುತ್ತದೆ. ಡೀಸೆಲಿನಲ್ಲಿ ಸಂಪೀಡನದ ಬಿಸಿಯೇ ಬೆಂಕಿಯ ಮೂಲವಾದುದರಿಂದ ತಡವಾಗಿ ಮುಚ್ಚುವ ಕವಾಟ ಟಾರ್ಕನ್ನಷ್ಟೇ ಅಲ್ಲ, ಚಳಿಯ ಮುಂಜಾವಿನಲ್ಲಿ ಎಂಜಿನ್ನು ಹತ್ತಿಕೊಳ್ಳುವುದನ್ನೂ ಕೆಡಿಸುತ್ತದೆ. ಪಿಸ್ಟನ್ನಿಗೂ ಕವಾಟಕ್ಕೂ ನಡುವೆ ಇರುವ ಕಿರಿದಾದ ಸಂದಿನಲ್ಲಿ ಎತ್ತರದ ಉಬ್ಬಿಗೆ ಎಡೆಯೂ ಇಲ್ಲ. ಡೀಸೆಲಿಗೆ ಗಾಳಿಯನ್ನು ಟರ್ಬೊ ನೂಕುತ್ತದೆ, ಇಂಧನವನ್ನು ಪಂಪು ಅಳೆಯುತ್ತದೆ. ಕ್ಯಾಮಿನಿಂದ ಗೆಲ್ಲತಕ್ಕದ್ದು ಅತ್ಯಲ್ಪ. ಮೇಲಾಗಿ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸಿದೆ. 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ಬಿಎಸ್-6 ಹೊಗೆನಿಯಮಗಳ ಗಾಡಿಗಳಲ್ಲಿ ಕವಾಟದ ಕಾಲವನ್ನು ಕದಲಿಸಿದರೆ ಹೊಗೆಯ ಪರೀಕ್ಷೆಯಲ್ಲಿ ಉಳಿದುಕೊಳ್ಳುವುದು ಕಷ್ಟ.

ಉಳಿಯುವವರು ಹಳೆಯ ಪೆಟ್ರೋಲು ಜೀಪು, ಜಿಪ್ಸಿಗಳನ್ನಿಟ್ಟುಕೊಂಡವರು. ಅವರು ಮೊದಲು ಮಾಡಬೇಕಾದುದು ಕವಾಟದ ಮುಚ್ಚಳವನ್ನು ತೆಗೆದು, ಪ್ರತಿಯೊಂದು ಉಬ್ಬಿನ ಎತ್ತರವನ್ನೂ ಡಯಲ್ ಗೇಜಿನಿಂದ ಅಳೆದು, ಕೈಪಿಡಿಯಲ್ಲಿರುವ ಅಂಕಿಯೊಡನೆ ಹೋಲಿಸುವುದು. ವರ್ಷಾನುಗಟ್ಟಲೆ ಘಟ್ಟ ಹತ್ತಿದ ಎಂಜಿನ್ನಿನಲ್ಲಿ ಒಂದೆರಡು ಉಬ್ಬುಗಳು ಸವೆದು ಒಂದು ಸಿಲಿಂಡರು ಅರೆಹೊಟ್ಟೆಯಲ್ಲಿ ದುಡಿಯುತ್ತಿರುವುದು ಬಹಳ ಕಡೆ ಕಾಣುವ ಸಂಗತಿ. ಅಂಥಲ್ಲಿ ಕಾರ್ಖಾನೆಯ ಅಳತೆಯದೇ ಹೊಸ ಕ್ಯಾಮ್‌ಶಾಫ್ಟನ್ನು ಹೊಸ ಟ್ಯಾಪೆಟ್ಟುಗಳೊಡನೆ (ಎಂಜಿನ್ನಿನಲ್ಲಿ ಟ್ಯಾಪೆಟ್ಟೆಂದರೆ ಉಬ್ಬಲ್ಲ, ಉಬ್ಬು ತಳ್ಳುವ ಬಿಡಿಭಾಗ) ಕೂರಿಸಿ, ಕವಾಟದ ಸಂದನ್ನು ಸರಿಪಡಿಸಿ, ಹೊರೆಯೊಡನೆ ಬೋಡಿಮೆಟ್ಟನ್ನು ಒಮ್ಮೆ ಹತ್ತಿ ನೋಡಬೇಕು. ಆ ಮೇಲೂ ಸಾಲದೆನಿಸಿದರೆ ಅವಧಿಯಲ್ಲಿ ಕಾರ್ಖಾನೆಯದಕ್ಕಿಂತ ಹತ್ತು ಡಿಗ್ರಿಗೂ ಮೀರಿ ಹೆಚ್ಚಿರದ, ಶಿಖರಗಳ ಅಂತರ 112ಕ್ಕೆ ಕಡಮೆಯಿಲ್ಲದ ಕ್ಯಾಮನ್ನು ಕೇಳಬಹುದು.