ಹಲ್ಲು ಕಟ್ಟತಿದ್ದ ನಮ್ಮ ಕಾಕಾ

ಮೂರು ತಿಂಗಳ ಹಿಂದ ನನ್ನ ಕೆಳಗಿನ ಎರಡು ದವಡಿ ಹಲ್ಲು ತಗಸಿದ್ದು ನಿಮಗೆಲ್ಲಾ ಗೊತ್ತೇ ಅದ. ಮೊನ್ನೆ ಅಳತಿ ಕೊಟ್ಟು ಬಂದೆ. ಡಾಕ್ಟರು ತಣ್ಣನ ಗುಲಾಬಿ ಹಿಟ್ಟಿನಂಥಾದ್ದು ಬಾಯಾಗ ಒತ್ತಿ ತಗದು, "ಲ್ಯಾಬಿಗೆ ಕಳಸ್ತೀನ್ರೀ, ಎಂಟು ದಿನಕ್ಕ ಬರ್ತಾವ" ಅಂದ್ರು. ಲ್ಯಾಬು ಅಂದಕೂಡಲೇ ನಂಗ ನಮ್ಮ ಕಾಕಾ ನೆನಪಾದ್ರು.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. 1962ರ ಚೀನಾ ಯುದ್ಧ ಆದಮ್ಯಾಲೆ ಸೈನ್ಯಕ್ಕ ಭರ್ತಿ ಜೋರ ನಡದಿತ್ತಂತ. ನಮ್ಮ ಬೆಳಗಾವಿ ಮರಾಠಾ ರೆಜಿಮೆಂಟಿನ ಊರು, ಓಣಿಗೆ ಒಬ್ಬಿಬ್ಬರು ಹುಡುಗರು ಹೋಗೇ ಹೋಗತಿದ್ರು. ಕಾಕಾನೂ ಮೆಟ್ರಿಕ್ ಮುಗಿಸಿ ಹೋದ್ರು. ಆದ್ರ ಅವರ ಕೈಗೆ ಬಂದದ್ದು ಬಂದೂಕಲ್ಲ, ಮೇಣ ಕೆತ್ತೋ ಚಾಕು. ಡೆಂಟಲ್ ಕೋರಿನಾಗ ಹಲ್ಲಿನ ಟೆಕ್ನಿಷಿಯನ್ ಆದ್ರು.

ಸೈನ್ಯಕ್ಕ ಹಲ್ಲಿನವರು ಯಾಕ ಬೇಕು ಅಂತ ನಾವು ಸಣ್ಣವರಿದ್ದಾಗ ನಗತಿದ್ವಿ. ಕಾಕಾ ನಮ್ಮನ್ನ ಕೂಡಿಸಿಕೊಂಡು ಹೇಳತಿದ್ರು. 1899ಕ್ಕ ಶುರುವಾದ ಬೋಯರ್ ಯುದ್ಧದಾಗ ಇಂಗ್ಲಿಷರ ಸಿಪಾಯಿಗಳಿಗೆ ಕಲ್ಲಿನಂಥ ಬಿಸ್ಕೀಟು ಕೊಟ್ಟಿದ್ರಂತ. ಅದನ್ನ ಅಗೀಲಿಕ್ಕೆ ಹಲ್ಲಿಲ್ಲದ ಸಾವಿರಾರು ಮಂದಿ ಕೆಲಸಕ್ಕ ಬರಧಂಗಾದ್ರು. 1914ರಾಗ ಫ್ರಾನ್ಸಿನ ರಣರಂಗದಾಗ ಹೇಗ್ ಅನ್ನೋ ದೊಡ್ಡ ಸೇನಾಧಿಕಾರಿಗೇ ಹಲ್ಲುಬ್ಯಾನಿ ಬಂತು. ಇಡೀ ಫೌಜಿನಾಗ ಒಬ್ಬ ಹಲ್ಲಿನ ಡಾಕ್ಟರಿಲ್ಲ, ಪ್ಯಾರಿಸಿನಿಂದ ಕರಸಬೇಕಾತು. ಆಮ್ಯಾಲೆ ಬುದ್ಧಿ ಬಂತು. ನಮ್ಮ ದೇಶದಾಗ ಡೆಂಟಲ್ ಕೋರು ಬ್ಯಾರೆಯಾಗಿ ಹುಟ್ಟಿದ್ದು 1941ರ ಫೆಬ್ರುವರಿ 1ಕ್ಕ.

ಇನ್ನೊಂದು ಕಥಿ ಅವರು ಊಟಕ್ಕ ಕೂತಾಗೇ ಹೇಳವರು, ಅವ್ವನ ಕಡೆ ಬೈಸಿಕೊಳ್ಳವರು. 1815ರಾಗ ವಾಟರ್ಲೂ ಯುದ್ಧ ಆತಲ್ಲ, ಅಲ್ಲೆ ಸತ್ತ ಸಿಪಾಯಿಗಳ ಹಲ್ಲು ಕಿತ್ತು ಶ್ರೀಮಂತರಿಗೆ ಕಟ್ಟತಿದ್ರಂತ. "ಆಗ ಸತ್ತ ಸಿಪಾಯಿ ಹಲ್ಲು ಸಾಹುಕಾರನ ಬಾಯಾಗ, ಈಗ ಬದುಕಿದ ಸಿಪಾಯಿಗೆ ನಾ ಹಲ್ಲು ಕಟ್ಟತೀನಿ, ಏನ್ ಕಾಲ ಬಂತು ನೋಡ್ರಿ" ಅಂತ ನಗತಿದ್ರು. ಆ ನಗು ಕೇಳಿದ್ರ ಅಡಗಿಮನಿಯೊಳಗ ಇದ್ದವರೂ ಹೊರಗ ಬರಬೇಕು, ಹಂಗ.

1971ರ ಡಿಸೆಂಬರ್ ಯುದ್ಧದಾಗ ಕಲಕತ್ತಾ ಕಡೆ ಮಿಲಿಟರಿ ದವಾಖಾನಿಯೊಳಗಿದ್ರು. ದವಡಿ ಮುರಕೊಂಡು ಬಂದವರಿಗೆ ಎಲುಬು ಕೂಡೋತನಕ ಅಲ್ಲಾಡಬಾರದು ಅಂತ ಹಲ್ಲಿನ ಮ್ಯಾಲೆ ಕೂಡಸೋ ಪಟ್ಟಿ ಮಾಡಬೇಕಾಗತಿತ್ತು. ಒಬ್ಬೊಬ್ಬರ ಬಾಯಿ ಒಂದೊಂದು ಥರ, ಒಬ್ಬರದು ಇನ್ನೊಬ್ಬರಿಗೆ ಕೂಡೂದಿಲ್ಲ. ರಾತ್ರಿ ಎಲ್ಲಾ ಪ್ಲಾಸ್ಟರಿನ ದವಡಿ ಮುಂದಿಟಗೊಂಡು ಕೂಡವರಂತ. ಅಂಥಾ ಒಬ್ಬ ಹುಡುಗ ಎಷ್ಟೋ ದಿನ ನಳಗಿಲೆ ಗಂಜಿ ಕುಡದು, ಮೊದಲನೇ ಸಲ ಚಪಾತಿ ತಿಂದಾಗ ಡಾಕ್ಟರು ಇವರನ್ನೂ ಕರದಿದ್ರಂತ. ಯುದ್ಧದ ಬಗ್ಗೆ ಕಾಕಾ ಹೇಳಿದ್ದು ಅಷ್ಟೇ.

ನಿವೃತ್ತಿ ಆಗಿ ಬಂದಮ್ಯಾಲೆ ನಮ್ಮನಿ ಹಿತ್ತಲ ಖೋಲಿಯೊಳಗೇ ಲ್ಯಾಬು ಮಾಡಿದ್ರು. ಮುಂಜಾನೆ ಸ್ನಾನ, ವಿಠ್ಠಲನ ಪೂಜಾ, ಕೊರಳಾಗ ತುಳಸಿಮಾಲಿ, ಆಮ್ಯಾಲೇ ಮೇಣ ಮುಟ್ಟವರು. ನಾವು ಗೌರಿ ಹುಣ್ಣಿಮಿಗೆ ಕಟ್ಟಿಗಿ ಅಚ್ಚಿನಾಗ ಸಕ್ಕರಿ ಆರತಿ ಎರಕ ಹೊಯ್ಯೂದಿಲ್ಲೇನು, ಹಂಗೇ ಅದು. ಅಳತಿಯೊಳಗ ಪ್ಲಾಸ್ಟರ್ ಹಾಕಿ ದವಡಿ ತಗೀಬೇಕು, ಮೇಣದಾಗ ಒಂದೊಂದೇ ಹಲ್ಲು ನಿಂದರಿಸಬೇಕು. ಹಿತ್ತಾಳಿ ಡಬ್ಬಿಯೊಳಗ ಅದರ ಸುತ್ತ ಪ್ಲಾಸ್ಟರ್ ತುಂಬಿ, ಬಿಸಿನೀರಾಗ ಮೇಣ ಕರಗಿಸಿ ಹೊರಗ ಹಾಕಬೇಕು. ಮೇಣ ಇದ್ದ ಜಾಗಾದಾಗ ಅಕ್ರಿಲಿಕ್ ಪುಡಿ ಕಣಕದ್ಹಂಗ ಕಲಸಿ ತುಂಬಿ, ಬಿಗದು, ನೀರಾಗಿಟ್ಟು ಸಾವಕಾಶ ಕಾಯಿಸಬೇಕು. ಅವಸರ ಮಾಡಿ ಒಮ್ಮೆಲೇ ಕುದಿಸಿದ್ರ ಒಳಗ ಗುಳ್ಳಿ ಬಿದ್ದು ಹೋತು. ಆ ಅಕ್ರಿಲಿಕ್ ವಾಸನಿ ನಮ್ಮನಿ ಚಾದಾಗೂ ಬರತಿತ್ತು!

ಅವ್ವಗ ಐವತ್ತೆರಡಕ್ಕೇ ಹಲ್ಲೆಲ್ಲಾ ಹೋದ್ವು. ಲಗ್ನಕ್ಕ, ಮುಂಜಿವಿಗೆ ಹೋಗೂದು ಬಿಟ್ಟಳು. ಆರತಿ ಹಾಡು ಅಂದ್ರ ಮೊದಲು ಅವ್ವನ್ನೇ ಕರೀತಿದ್ರು ಊರಾಗ. ಸೆರಗು ಬಾಯಿಗೆ ಇಟಗೊಂಡು "ಬ್ಯಾಡವಾ" ಅನ್ನಾಕಿ. ಕಾಕಾ ಕೂಡಿಟ್ಟಿದ್ದ ಅವ್ವನ ಹಳೀ ಫೋಟೊ ಹುಡುಕಿ ತಗದು, ಮುಂದಿನ ಎರಡು ಹಲ್ಲು ಒಂಚೂರು ಒಂದರಮ್ಯಾಲೆ ಒಂದು ಬಂದಿದ್ದು ನೋಡಿ, ಹಂಗೇ ಸೊಟ್ಟಾಗೇ ಕೂಡಿಸಿದ್ರು. "ನೆಟ್ಟಗ ಮಾಡಿದ್ರ ವೈನಿ ಯಾರೋ ಬ್ಯಾರೆ ಆಗತಾರ" ಅಂದ್ರು. ಆ ವರ್ಷ ಶ್ರಾವಣ ಶುಕ್ರವಾರ ಅವ್ವ ಹಾಡಿದಳು.

ಆಷಾಢ ಏಕಾದಶಿಗೆ ಪಂಢರಪುರಕ್ಕ ನಡಕೋತ ಹೋಗೂದು ಕಾಕಾ ಎಂದೂ ಬಿಡಲಿಲ್ಲ. ಚೀಲದಾಗ ತಾಳ, ಒಂದು ಧೋತರ, ಜೊತಿಗೆ ಅರ, ಅಕ್ರಿಲಿಕ್ ಪುಡಿ, ಅದರ ಸಣ್ಣ ಬಾಟ್ಲಿ. ವಸತಿ ಬಿದ್ದಲ್ಲೆ ಮುದುಕರ ಒಡದ ಸೆಟ್ಟು ಕೂಡಿಸಿ ಕೊಡವರು. ರೊಕ್ಕ ಕೇಳಿದ್ದಿಲ್ಲ.

ಇನ್ನ ನನ್ನದೊಂದು ಮಾತು, ಇಷ್ಟು ವರ್ಷ ಯಾರ ಮುಂದನೂ ಹೇಳಿಲ್ಲ. ನನ್ನ ಲಗ್ನ ಆದ ಹೊಸತರಾಗ ಗಂಡನ ಮನಿಯವರೊಬ್ಬರು, "ನಿಮ್ಮ ಕಾಕಾ ಮಿಲಿಟ್ರಿಯೊಳಗ ಇದ್ರಂತಲ್ಲ?" ಅಂತ ಕೇಳಿದ್ರು. ನಾ ನಕ್ಕೋತ, "ಅವರೇನ್ ಖರೇ ಸೈನಿಕರಲ್ಲ ಬಿಡ್ರಿ, ಹಲ್ಲಿನ ಕೆಲಸ" ಅಂದುಬಿಟ್ಟೆ. ಹಿಂದ ನೋಡಿದ್ರ ಕಾಕಾ ನಿಂತಾರ. ಮಾರಿ ಒಂದೀಟೂ ಸಣ್ಣ ಮಾಡಲಿಲ್ಲ. "ಖರೇ ಅದ ರೀ, ಉಳದವರು ವೈರಿ ಬಾಯಿ ಮುಚ್ಚಸ್ತಿದ್ರು, ನಾ ನಮ್ಮವರ ಬಾಯಿ ತಗಸ್ತಿದ್ದೆ" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಊರಾಗ ಒಮ್ಮೆ ಮಾಜಿ ಸೈನಿಕರಿಗೆ ಶಾಲು ಹೊದಿಸಿದಾಗ ಇವರ ಹೆಸರು ಬಿಟ್ಟರು, ಆಗ ನಂಗ ಭಾಳ ಸಿಟ್ಟು ಬಂದಿತ್ತು. ಆದ್ರ ಸಿಟ್ಟು ಮಾಡಲಿಕ್ಕೆ ನಂಗೆಲ್ಲಿ ಅಧಿಕಾರ, ನಾನೂ ಅದನ್ನೇ ಅಂದವಳು. ಕ್ಷಮಾ ಕೇಳಬೇಕು, ಕೇಳಬೇಕು ಅಂದಕೋತ ಇದ್ದೆ. ಕಾರ್ತಿಕದಾಗ ಒಂದಿನ ಮುಂಜಾನೆ ಪೂಜಾ ಮುಗಿಸಿ ಗ್ವಾಡಿಗೆ ಆತು ಕೂತವರು ಏಳಲೇ ಇಲ್ಲ.

ಮೊನ್ನೆ ಡಾಕ್ಟರಿಗೆ ಕೇಳಿದೆ, "ನನ್ನ ಹಲ್ಲು ಮಾಡವರು ಯಾರ್ರೀ?" ಅವರು ಒಂದು ನಿಮಿಷ ನನ್ನ ಮಾರಿನೇ ನೋಡಿದ್ರು. ಆಮ್ಯಾಲೆ ಫೋನ್ ಹಚ್ಚಿ ಕೇಳಿ ಹೇಳಿದ್ರು. ಯಾರೋ ಒಬ್ಬ ಹುಡುಗ, ಇಲ್ಲೇ ಖಡೇಬಜಾರದ ಹಿಂದ ಕೂಡತಾನಂತ. ಬುಧವಾರ ಹಲ್ಲು ಬರ್ತಾವ. ಹೋಗೂ ಮುಂದ ಅವನಿಗಿಷ್ಟು ಶೇಂಗಾ ಹೋಳಿಗಿ ಕಟಗೊಂಡು ಹೋಗಬೇಕು.