ಬೆಂಗಳೂರು: ಪೂಜಾಸ್ಥಳಗಳು ಮತ್ತು ನಗರ ಯೋಜನೆ

ಬೆಂಗಳೂರಿನ ಪೂಜಾಸ್ಥಳಗಳ ಬಗ್ಗೆ ಬರೆದವರಲ್ಲಿ ಎರಡು ಪಕ್ಷಗಳಿವೆ. ಗುಡಿ ಮೊದಲು, ಊರು ಆಮೇಲೆ ಎಂಬುದು ಒಂದು. ಗುಡಿಯೇ ರಸ್ತೆಯ ಒತ್ತುವರಿ ಎಂಬುದು ಇನ್ನೊಂದು. ಬಡಾವಣೆ ಹುಟ್ಟಿದ ವರ್ಷವನ್ನೂ ಗುಡಿಯ ವಯಸ್ಸನ್ನೂ ಪಕ್ಕಪಕ್ಕ ಇಟ್ಟು ನೋಡದಿರುವುದೇ ಈ ಗೊಂದಲಕ್ಕೆ ಕಾರಣ. ಬ್ರಿಟಿಷರ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಪೂಜಾಸ್ಥಳ ಯೋಜನೆಯ ಜೊತೆಯಲ್ಲೇ ಬಂತು: 1809ರಲ್ಲಿ ದಂಡು ನೆಲೆಯೂರಿದ ಮೇಲೆ ಎದ್ದ ಟ್ರಿನಿಟಿ ಚರ್ಚು ಇಂದಿನ ಮಹಾತ್ಮ ಗಾಂಧಿ ರಸ್ತೆಯ ಪೂರ್ವ ತುದಿಯಲ್ಲಿ, ದಾರಿಗೆ ಗುರಿಯಿಟ್ಟಂತೆ ನಿಂತಿದೆ.

1898ರ ಪ್ಲೇಗಿನ ನಂತರ ರೂಪುಗೊಂಡ ಮಲ್ಲೇಶ್ವರದ ಕಥೆ ಬೇರೆ. ಕಾಡುಮಲ್ಲೇಶ್ವರನಿಗೆ ಮರಾಠ ನಾಯಕ ಏಕೋಜಿ ಕೊಟ್ಟ ದತ್ತಿಯ ಶಾಸನ 1669ರದು, ಅಂದರೆ ಬಡಾವಣೆ ಹೆಸರು ಪಡೆದದ್ದೇ ತನಗಿಂತ ಹಳೆಯ ಗುಡಿಯಿಂದ. ಅದರ ಎದುರಿನ ನಂದಿತೀರ್ಥವೆಂಬ ಗುಡಿಯಾದರೋ ಮಣ್ಣಿನಡಿ ಹೂತುಹೋಗಿ, 1997ರಲ್ಲಿ ಅಗೆದಾಗ ಹೊರಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ. ಇದಕ್ಕೆ ಏಳು ಸಾವಿರ ವರ್ಷವಾಯಿತೆಂಬ ಮಾತು ಇಂದಿಗೂ ಓಡಾಡುತ್ತಿದೆ. ಕಲ್ಲುಕಟ್ಟಡದ ಗುಡಿಗೆ ಅಷ್ಟು ವಯಸ್ಸು ಹೇಳುವುದು ಭಕ್ತಿಯಾದೀತು, ಚರಿತ್ರೆಯಾಗದು. ಆದರೂ ದಟ್ಟ ಬಡಾವಣೆಯ ನಡುವೆ ಇಡೀ ಗುಡಿಯೊಂದು ಖಾಲಿ ನೆಲದಂತೆ ಬಿದ್ದಿತ್ತೆಂದರೆ, ನಕ್ಷೆಯಲ್ಲಿ ಇಲ್ಲದ್ದು ನೆಲದಲ್ಲೂ ಇಲ್ಲವೆಂದು ವಾದಿಸುವಂತಿಲ್ಲ. ಸಂಪಂಗಿ ಕೆರೆಯೂ ಹೀಗೆಯೇ. ಕೆರೆಯಂಗಳ ಕಂಠೀರವ ಕ್ರೀಡಾಂಗಣವಾಯಿತು, ಮೂಲೆಯಲ್ಲಿ ಉಳಿದ ಪುಟ್ಟ ಕೊಳದಲ್ಲಿ ಕರಗ ಉತ್ಸವದ ವಿಧಿಗಳು ಇನ್ನೂ ನಡೆಯುತ್ತವೆ.

ಹಾಗೆಂದು ರಸ್ತೆಬದಿಯ ಗುಡಿಯೆಲ್ಲ ಹಳೇ ಗ್ರಾಮದ ಗುಡಿ ಎನ್ನಲಾಗದು. ಅರಳಿಕಟ್ಟೆಯ ನಾಗರಕಲ್ಲಿಗೆ ಮೊದಲು ತಗಡಿನ ಚಪ್ಪರ, ಆಮೇಲೆ ಗ್ರಿಲ್ಲು, ಹುಂಡಿ, ಕೊನೆಗೆ ಗೋಪುರ: ಹೊಸ ಬಡಾವಣೆಗಳಲ್ಲಿ ಕಂಡ ಕ್ರಮವಿದು. ಜಾಗ ಕೊಡದ್ದರಿಂದ ಹೀಗಾಯಿತು ಎಂಬ ಸಮಜಾಯಿಷಿ ಅರ್ಧ ಮಾತ್ರ ನಿಲ್ಲುತ್ತದೆ, ಏಕೆಂದರೆ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಡಿ ನೋಂದಾಯಿತ ಸಂಘ ಮತ್ತು ಟ್ರಸ್ಟುಗಳ ಧಾರ್ಮಿಕ ಕೇಂದ್ರಕ್ಕೂ ನಾಗರಿಕ ಸೌಲಭ್ಯ (ಸಿ.ಎ.) ನಿವೇಶನ ಪಡೆಯಲು ದಾರಿಯುಂಟು. ಆದರೆ ಅರ್ಜಿ ಹಾಕಲು ಸಂಘವಿರಬೇಕು, ಕಾಗದವಿರಬೇಕು. ಬೀದಿಯ ಮಾರಮ್ಮನಿಗೆ ಅವೆರಡೂ ಇರುವುದಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ರಸ್ತೆ, ಉದ್ಯಾನಗಳಲ್ಲಿ ಅನಧಿಕೃತವಾಗಿ ಹೊಸ ಪೂಜಾಸ್ಥಳ ಕಟ್ಟುವುದನ್ನು ತಡೆಯಿತು. 2021ರಲ್ಲಿ ಆ ಕೋರ್ಟಿನ ಆದೇಶದ ಹೆಸರಿನಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಗುಡಿಯೊಂದನ್ನು ಕೆಡವಿದ್ದಕ್ಕೆ ಗದ್ದಲವೆದ್ದು, ರಾಜ್ಯವು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ತಂದಿತು. ಕಾಯ್ದೆ ಜಾರಿಯಾದ ದಿನ ಸಾರ್ವಜನಿಕ ಜಾಗದಲ್ಲಿ ನಿಂತಿದ್ದ ಕಟ್ಟಡಗಳಿಗೆ ಅದು ರಕ್ಷಣೆ ಕೊಟ್ಟಿತು. ಮುನ್ನೂರು ವರ್ಷದ ಗುಡಿಯೂ ಮೂರು ವರ್ಷದ ಗುಡಿಯೂ ಅಲ್ಲಿ ಒಂದೇ ಸಾಲಿಗೆ ಬಂದವು.