ಟ್ರಾನ್ಸ್‌ಓಷನ್

ಟ್ರಾನ್ಸ್‌ಓಷನ್ ಸಮುದ್ರತಳದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲದ ಬಾವಿಗಳನ್ನು ಕೊರೆಯುವ ಗುತ್ತಿಗೆ ಕಂಪನಿಯಾಗಿದೆ. ಇದು ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾಗಿದ್ದು, ಅಮೆರಿಕದ ಹ್ಯೂಸ್ಟನ್ ನಗರದಲ್ಲಿಯೂ ಪ್ರಮುಖ ಕಚೇರಿಯನ್ನು ಹೊಂದಿದೆ. ಈ ಕಂಪನಿಯು ತೈಲವನ್ನು ಮಾರುವುದಿಲ್ಲ. ಕೊರೆಯುವ ರಿಗ್‌ಗಳನ್ನು ಸಿಬ್ಬಂದಿ ಸಮೇತ ತೈಲ ಕಂಪನಿಗಳಿಗೆ ದಿನದ ಬಾಡಿಗೆಯ ಆಧಾರದ ಮೇಲೆ ಒದಗಿಸುತ್ತದೆ. ಅರ್ಧ ಶತಮಾನದ ಅವಧಿಯಲ್ಲಿ ನಡೆದ ಸರಣಿ ವಿಲೀನಗಳಿಂದ ಇದು ತನ್ನ ಕ್ಷೇತ್ರದ ಅತಿ ದೊಡ್ಡ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು. 2010ರ ಡೀಪ್‌ವಾಟರ್ ಹೊರೈಜನ್ ದುರಂತದಿಂದ ಇದರ ಹೆಸರು ಜಗತ್ತಿನಾದ್ಯಂತ ಪರಿಚಿತವಾಯಿತು.

ಆರಂಭ

ಅಮೆರಿಕದ ಅಲಬಾಮಾ ರಾಜ್ಯದ ಸದರ್ನ್ ನ್ಯಾಚುರಲ್ ಗ್ಯಾಸ್ ಕಂಪನಿಯು 1953ರಲ್ಲಿ ಡಿಲಾಂಗ್ ಮತ್ತು ಮೆಕ್‌ಡರ್ಮಟ್ ಕಂಪನಿಗಳ ಜಂಟಿ ಕೊರೆತದ ಉದ್ಯಮವನ್ನು ಖರೀದಿಸಿ, ‘ದಿ ಆಫ್‌ಶೋರ್ ಕಂಪನಿ’ಯನ್ನು ಸ್ಥಾಪಿಸಿತು. ಮರುವರ್ಷ ಈ ಕಂಪನಿಯು ಮೆಕ್ಸಿಕೊ ಕೊಲ್ಲಿಯಲ್ಲಿ ‘ರಿಗ್ 51’ ಅನ್ನು ಬಳಕೆಗೆ ತಂದಿತು. ಇದು ಉದ್ದನೆಯ ಕಾಲುಗಳನ್ನು ಸಮುದ್ರತಳಕ್ಕೆ ಊರಿ ನಿಲ್ಲುವ ಜ್ಯಾಕ್‌ಅಪ್ ಮಾದರಿಯ ಮೊದಲ ರಿಗ್‌ಗಳಲ್ಲಿ ಒಂದು. 1982ರಲ್ಲಿ ಕಂಪನಿಗೆ ‘ಸೋನಾಟ್ ಆಫ್‌ಶೋರ್ ಡ್ರಿಲ್ಲಿಂಗ್’ ಎಂಬ ಹೆಸರು ಬಂದಿತು. 1993ರಲ್ಲಿ ಅದು ಮಾತೃಸಂಸ್ಥೆಯಿಂದ ಬೇರ್ಪಟ್ಟು ಸ್ವತಂತ್ರ ಕಂಪನಿಯಾಯಿತು.

ವಿಲೀನಗಳಿಗೆ ಕಾರಣ

ಆಳಸಮುದ್ರದ ಒಂದು ರಿಗ್ ನಿರ್ಮಿಸಲು ಕೋಟ್ಯಂತರ ಡಾಲರ್ ಬಂಡವಾಳ ಬೇಕು. ಆದರೆ ರಿಗ್‌ಗಳ ಬೇಡಿಕೆ ಮತ್ತು ಬಾಡಿಗೆ ಕಚ್ಚಾತೈಲದ ಬೆಲೆಯೊಂದಿಗೆ ಏರಿಳಿಯುತ್ತವೆ. ಬೆಲೆ ಕುಸಿದಾಗ ರಿಗ್‌ಗಳು ಕೆಲಸವಿಲ್ಲದೆ ನಿಲ್ಲುತ್ತವೆ. ವಿವಿಧ ಆಳಗಳಿಗೆ ಹೊಂದುವ, ಹಲವು ಸಮುದ್ರಗಳಲ್ಲಿ ದುಡಿಯುವ ದೊಡ್ಡ ರಿಗ್‌ಸಮೂಹವಿದ್ದಲ್ಲಿ ಈ ಅಪಾಯ ಹಂಚಿಹೋಗುತ್ತದೆ. ಹೊಸ ರಿಗ್ ಕಟ್ಟಲು ವರ್ಷಗಳು ಹಿಡಿಯುವುದರಿಂದ, ಪ್ರತಿಸ್ಪರ್ಧಿ ಕಂಪನಿಯನ್ನೇ ಕೊಳ್ಳುವುದು ಬೆಳವಣಿಗೆಯ ಶೀಘ್ರ ಮಾರ್ಗವಾಯಿತು.

ಪ್ರಮುಖ ವಿಲೀನಗಳು

1996ರಲ್ಲಿ ಸೋನಾಟ್ ಆಫ್‌ಶೋರ್ ಕಂಪನಿಯು ನಾರ್ವೆಯ ಟ್ರಾನ್ಸ್‌ಓಷನ್ ಎಎಸ್‌ಎ ಸಂಸ್ಥೆಯನ್ನು ಸುಮಾರು 150 ಕೋಟಿ ಡಾಲರ್‌ಗೆ ಸ್ವಾಧೀನಪಡಿಸಿಕೊಂಡು, ಅದರ ಹೆಸರನ್ನೇ ತನ್ನದಾಗಿಸಿಕೊಂಡಿತು. 1999ರ ಅಂತ್ಯದಲ್ಲಿ ಶ್ಲಂಬರ್ಜರ್ ಕಂಪನಿಯಿಂದ ಬೇರ್ಪಟ್ಟ ಸೆಡ್ಕೊ ಫೊರೆಕ್ಸ್ ಇದರೊಂದಿಗೆ ವಿಲೀನವಾಯಿತು. ಸೆಡ್ಕೊ ಮುಂದೆ ಟೆಕ್ಸಾಸ್ ರಾಜ್ಯಪಾಲರಾದ ಬಿಲ್ ಕ್ಲೆಮೆಂಟ್ಸ್ ಅವರು ಸ್ಥಾಪಿಸಿದ್ದ ಕಂಪನಿಯಾಗಿತ್ತು.

2001ರ ಜನವರಿಯಲ್ಲಿ ಆರ್ ಅಂಡ್ ಬಿ ಫಾಲ್ಕನ್ ಸೇರ್ಪಡೆಯಾಯಿತು. ಸಾಲವೂ ಸೇರಿ ಈ ವ್ಯವಹಾರದ ಮೌಲ್ಯ ಸುಮಾರು 880 ಕೋಟಿ ಡಾಲರ್. ಆರ್ ಅಂಡ್ ಬಿ ಫಾಲ್ಕನ್ ಸ್ವತಃ ರೀಡಿಂಗ್ ಅಂಡ್ ಬೇಟ್ಸ್ ಮತ್ತು ಫಾಲ್ಕನ್ ಡ್ರಿಲ್ಲಿಂಗ್ ಕಂಪನಿಗಳ ವಿಲೀನದಿಂದ ಹುಟ್ಟಿತ್ತು. 2007ರ ನವೆಂಬರ್‌ನಲ್ಲಿ ಗ್ಲೋಬಲ್‌ಸಾಂಟಾಫೆ ವಿಲೀನವಾಯಿತು. ಈ ಸಂದರ್ಭದಲ್ಲಿ ಷೇರುದಾರರಿಗೆ ಸುಮಾರು 1,500 ಕೋಟಿ ಡಾಲರ್ ನಗದನ್ನು ಹಂಚಲಾಯಿತು. 1999ರಲ್ಲಿ ಕೇಮನ್ ದ್ವೀಪಗಳಿಗೆ ಸ್ಥಳಾಂತರಗೊಂಡಿದ್ದ ಕಂಪನಿಯ ನೋಂದಣಿಯು 2008ರಲ್ಲಿ ಸ್ವಿಟ್ಜರ್ಲೆಂಡಿಗೆ ಬದಲಾಯಿತು.

ಡೀಪ್‌ವಾಟರ್ ಹೊರೈಜನ್ ದುರಂತ

ಡೀಪ್‌ವಾಟರ್ ಹೊರೈಜನ್ ರಿಗ್ಗನ್ನು ನಿರ್ಮಿಸಲು ಆದೇಶ ನೀಡಿದ್ದು ಆರ್ ಅಂಡ್ ಬಿ ಫಾಲ್ಕನ್. ದಕ್ಷಿಣ ಕೊರಿಯದ ಹ್ಯುಂಡೈ ಹಡಗುಕಟ್ಟೆಯಲ್ಲಿ ಸಿದ್ಧವಾದ ಈ ರಿಗ್, ವಿಲೀನ ಪೂರ್ಣಗೊಂಡ ಮುಂದಿನ ತಿಂಗಳು ಟ್ರಾನ್ಸ್‌ಓಷನ್‌ಗೆ ಹಸ್ತಾಂತರವಾಯಿತು. 2010ರ ಏಪ್ರಿಲ್ 20ರಂದು, ಬಿಪಿ ಕಂಪನಿಗಾಗಿ ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ ಕೆಲಸ ಮಾಡುತ್ತಿದ್ದಾಗ ಬಾವಿಯಿಂದ ನುಗ್ಗಿದ ಅನಿಲವು ಸ್ಫೋಟಿಸಿತು. ರಿಗ್‌ನಲ್ಲಿದ್ದ 126 ಜನರಲ್ಲಿ 11 ಮಂದಿ ಮೃತಪಟ್ಟರು; ಅವರಲ್ಲಿ 9 ಮಂದಿ ಟ್ರಾನ್ಸ್‌ಓಷನ್ ನೌಕರರು. ಎರಡು ದಿನಗಳ ನಂತರ ರಿಗ್ ಮುಳುಗಿತು. ತೈಲದ ಹರಿವು ನಿಂತದ್ದು ಜುಲೈ 15ರಂದು.

2013ರಲ್ಲಿ ಕಂಪನಿಯು ಅಮೆರಿಕದ ಶುದ್ಧ ಜಲ ಕಾಯ್ದೆಯ ಉಲ್ಲಂಘನೆಯನ್ನು ಒಪ್ಪಿಕೊಂಡು, ಒಟ್ಟು 140 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. 2014ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವು ಹೊಣೆಯನ್ನು ಹಂಚುತ್ತಾ ಬಿಪಿಗೆ ಶೇ. 67, ಟ್ರಾನ್ಸ್‌ಓಷನ್‌ಗೆ ಶೇ. 30 ಹಾಗೂ ಸಿಮೆಂಟ್ ಕಾಮಗಾರಿ ನಡೆಸಿದ್ದ ಹ್ಯಾಲಿಬರ್ಟನ್‌ಗೆ ಶೇ. 3ರಷ್ಟು ಪಾಲನ್ನು ನಿಗದಿಪಡಿಸಿತು.

ನಂತರದ ಬೆಳವಣಿಗೆಗಳು

ದುರಂತದ ನಂತರವೂ ಖರೀದಿಗಳು ಮುಂದುವರಿದವು. 2011ರಲ್ಲಿ ನಾರ್ವೆಯ ಏಕರ್ ಡ್ರಿಲ್ಲಿಂಗ್ ಕಂಪನಿಯನ್ನೂ, 2018ರಲ್ಲಿ ಸೊಂಗಾ ಆಫ್‌ಶೋರ್ ಮತ್ತು ಓಷನ್ ರಿಗ್ ಕಂಪನಿಗಳನ್ನೂ ಟ್ರಾನ್ಸ್‌ಓಷನ್ ಕೊಂಡುಕೊಂಡಿತು. ಇದೇ ವೇಳೆ ಆಳವಿಲ್ಲದ ನೀರಿನ ವ್ಯವಹಾರದಿಂದ ಹಿಂದೆ ಸರಿಯುತ್ತಾ, 2012ರಲ್ಲಿ ಇಂತಹ 38 ರಿಗ್‌ಗಳನ್ನು ಶೆಲ್ಫ್ ಡ್ರಿಲ್ಲಿಂಗ್ ಕಂಪನಿಗೆ ಮಾರಿತು.

ಭಾರತದಲ್ಲಿ

ಟ್ರಾನ್ಸ್‌ಓಷನ್ ನಿರ್ವಹಿಸಿದ ‘ಧೀರೂಭಾಯ್ ಡೀಪ್‌ವಾಟರ್ ಕೆಜಿ1’ ಎಂಬ ಕೊರೆಯುವ ಹಡಗು ಭಾರತದ ಪೂರ್ವ ಕರಾವಳಿಯಲ್ಲಿ ರಿಲಯನ್ಸ್ ಮತ್ತು ಒಎನ್‌ಜಿಸಿ ಕಂಪನಿಗಳಿಗಾಗಿ ಕೆಲಸ ಮಾಡಿದೆ. 2013ರಲ್ಲಿ ಒಎನ್‌ಜಿಸಿಗಾಗಿ 3,000 ಮೀಟರಿಗಿಂತ ಹೆಚ್ಚು ಆಳದ ನೀರಿನಲ್ಲಿ ಬಾವಿ ಕೊರೆದು, ನೀರಿನ ಆಳದಲ್ಲಿ ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು.